ಊರು ಬಳಸಿದ ಗೆರೆ

ಅಮೃತೇಶ ಗಾಜಿನ ಕಪಾಟಿನ ಮೇಲೆ ಮೂರು ಯಂತ್ರಗಳನ್ನು ಸಾಲಾಗಿ ಇಟ್ಟು, ಇನ್ನು ನೀವುಂಟು ಅವುಂಟು ಎನ್ನುವಂತೆ ಕೈಕಟ್ಟಿ ನಿಂತಾಗ ಬೆಟ್ಟಸ್ವಾಮಿಗೆ ತಾನು ಇಲ್ಲಿಗೆ ಯಾಕೆ ಬಂದೆ ಎಂಬುದೇ ಒಂದು ಕ್ಷಣ ಮರೆತುಹೋಯಿತು. ಯಾವುದನ್ನು ಮುಟ್ಟಹೋದರೂ ಅಂಗಡಿಯವನು ತನ್ನ ಬೆರಳನ್ನೇ ನೋಡುತ್ತಿದ್ದಾನೆ ಅನ್ನಿಸಿ ಕೈ ಹಿಂದಕ್ಕೆ ಬಂತು. ಆಕಾಶದಲ್ಲಿ ತಿರುಗುವ ಉಪಗ್ರಹಗಳನ್ನು ಹಿಡಿದು ನೆಲದ ಮೇಲೆ ದಾರಿ ಹೇಳುವ ಯಂತ್ರ ಬಂದಿದೆಯಂತೆ ಎಂದು ಪೇಪರಿನಲ್ಲಿ ಓದಿದ ದಿನದಿಂದ ಅವನಿಗೆ ಅದೇ ಗುಂಗು. ಟಿ. ನರಸೀಪುರದ ಪಶು ಆಸ್ಪತ್ರೆಯಲ್ಲಿ ಪರಿವೀಕ್ಷಕನಾಗಿ, ಮೋಟಾರ್ ಸೈಕಲ್ಲಿನಲ್ಲಿ ಹಳ್ಳಿಹಳ್ಳಿ ಸುತ್ತಿ ಬೆದೆಗೆ ಬಂದ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವವನಿಗೆ ಇಂಥದ್ದೆಲ್ಲ ಯಾಕಯ್ಯಾ ಎಂದು ಆಸ್ಪತ್ರೆಯಲ್ಲಿ ಎಲ್ಲರೂ ನಕ್ಕಿದ್ದರು. ಹೆಂಡತಿ ಯಶೋಧರಾ ಮಾತ್ರ ನಗಲಿಲ್ಲ. "ಬಾಯಿದ್ದೋನು ಬರಗಾಲದಲ್ಲೂ ಬದುಕ್ತಾನಂತೆ. ನಿಮಗೆ ದಾರಿ ಕೇಳೋಕೆ ಅದೇನು ಕಷ್ಟ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ತನ್ನ ಶಾಲೆಗೆ ಹೊರಟುಬಿಟ್ಟಿದ್ದಳು. ಅವಳ ತವರಿನವರು ಬೌದ್ಧರು. ಯಾರು ಏನು ಕೇಳಿದರೂ ಮುಖ ನೋಡಿ ಉತ್ತರ ಹೇಳುವ ಜನ. ಕಷ್ಟವಿರುವುದು ಕೇಳುವುದರಲ್ಲಲ್ಲ, ಕೇಳಿಸಿಕೊಳ್ಳುವುದರಲ್ಲಿ ಎಂದು ಅಂಥವಳಿಗೆ ಹೇಗೆ ಹೇಳುವುದು?

"ಇದು ಕಾರಿಂದು ಸಾರ್," ಎಂದ ಅಮೃತೇಶ. ಹಣೆಯ ವಿಭೂತಿ ಬೆವರಿಗೆ ಅರ್ಧ ಅಳಿಸಿತ್ತು. "ಸ್ಕ್ರೀನು ದೊಡ್ಡದು, ಬಣ್ಣಬಣ್ಣದ ನಕ್ಷೆ ಇದೆ, ಬಲಕ್ಕೆ ಹೋಗು ಎಡಕ್ಕೆ ಹೋಗು ಅಂತ ಮಾತಾಡ್ತದೆ. ಆದ್ರೆ ನಿಮ್ಮದು ಬೈಕು. ಒಂದು ಮಳೆ ಬಿತ್ತು ಅಂದ್ರೆ ಇದರ ಕತೆ ಮುಗೀತು. ಈ ಎರಡನೇದು ಬೈಕಿಗೇ ಅಂತ ಮಾಡಿರೋದು. ನೀರಿಗೆ ಜಗ್ಗಲ್ಲ, ಗ್ಲೌಸ್ ಹಾಕ್ಕೊಂಡೇ ಒತ್ತಬಹುದು. ಇದರ ರೇಟು ಮಾತ್ರ ಕೇಳ್ಬೇಡಿ. ಕೇಳಿದ್ರೆ ಬೈಕನ್ನ ಇಲ್ಲೇ ಬಿಟ್ಟು ನಡ್ಕೊಂಡು ಹೋಗ್ಬೇಕಾಗ್ತದೆ."

"ಈ ಚಿಕ್ಕದು?"

"ಅದು ಬಡವರ ಮನೆ ಕೂಸು. ಬೆಟ್ಟ ಹತ್ತೋರಿಗೆ ಮಾಡಿರೋದು. ಎರಡು ಪೆನ್ಸಿಲ್ ಸೆಲ್ ಹಾಕಿದ್ರೆ ಆಯ್ತು, ಮಳೇಲಿ ನೆನೆದ್ರೂ ಏನೂ ಆಗಲ್ಲ. ರೇಟು ನಿಮ್ಮ ಕೈಗೆ ಎಟುಕ್ತದೆ. ಆದ್ರೆ ಇದರೊಳಗೆ ನಕ್ಷೆ ಇಲ್ಲ ಸಾರ್. ಒಂದು ಜಾಗಕ್ಕೆ ಹೋಗಿ ಈ ಗುಂಡಿ ಒತ್ತಿದ್ರೆ ಆ ಜಾಗ ನೆನಪಿಟ್ಕೊಳ್ತದೆ. ಇನ್ನೊಂದು ಸಲ ಎಲ್ಲಿಂದ ಹೊರಟ್ರೂ ಅದು ಯಾವ ದಿಕ್ಕಿಗಿದೆ, ಎಷ್ಟು ದೂರ ಅಂತ ಬಾಣ ತೋರಿಸ್ತದೆ. ನೀವು ಓಡಾಡಿದ ದಾರಿನ ಚುಕ್ಕೆ ಚುಕ್ಕೆ ಇಟ್ಟು ಗೆರೆ ಎಳ್ಕೊಂಡು ಬರ್ತದೆ. ಅಷ್ಟೇ."

"ಮೊದಲನೇ ಸಲ ಹೋಗೋದು ಹೇಗೆ ಮತ್ತೆ?"

"ಮೊದಲನೇ ಸಲ ಯಾರನ್ನಾದ್ರೂ ಕೇಳ್ಕೊಂಡು ಹೋಗ್ಬೇಕು ಸಾರ್," ಎಂದ ಅಮೃತೇಶ, ಇದಕ್ಕಿಂತ ಸುಲಭದ ಕೆಲಸ ಲೋಕದಲ್ಲಿ ಇಲ್ಲವೇನೋ ಎಂಬಂತೆ.

ಬೆಟ್ಟಸ್ವಾಮಿಯ ಮನಸ್ಸು ಇಳಿದುಹೋಯಿತು. ಹಾಸನದ ಕಡೆ ಇಷ್ಟು ವರ್ಷ ಕೆಲಸ ಮಾಡಿ ಈ ಬೇಸಗೆಯಲ್ಲಿ ವರ್ಗವಾಗಿ ಸ್ವಂತ ಸೀಮೆಗೆ ಬಂದಮೇಲೆ ಅವನು ಕಲಿತ ಮೊದಲ ಪಾಠ, ಇಲ್ಲಿ ದಾರಿಯನ್ನು ಯಾರೂ ಪುಕ್ಕಟೆ ಹೇಳುವುದಿಲ್ಲ ಎಂಬುದು. ಹಳ್ಳಿಯ ಬಾಯಲ್ಲಿ ಬೈಕು ನಿಲ್ಲಿಸಿ ಇಂಥವರ ಮನೆ ಎಲ್ಲಿ ಎಂದರೆ ಜಗಲಿಯ ಮೇಲಿದ್ದವರು ಮೊದಲು ಬೈಕಿಗೆ ನೇತುಹಾಕಿದ ವೀರ್ಯದ ಕ್ಯಾನು ನೋಡುತ್ತಾರೆ, ಆಮೇಲೆ ಮುಖ. ಯಾರ ಮನೆಗೆ ಎಂದು ಇನ್ನೊಮ್ಮೆ ಕೇಳುತ್ತಾರೆ. ತಾವು ಯಾವ ಊರಿನೋರು ಎನ್ನುತ್ತಾರೆ. ಊರು ಹೇಳಿದರೆ ಅಲ್ಲಿ ಯಾವ ಬೀದಿ ಎನ್ನುತ್ತಾರೆ. ಬೀದಿಗೂ ಮುಂಚೆ ಬಾಯಿ ಒಣಗಿದವನನ್ನು ಕಂಡು, ಯಾರ ಪೈಕಿ ಎಂದು ಬಹಳ ಮರ್ಯಾದೆಯಿಂದ, ಹಲಸಿನ ತೊಳೆ ಬಿಡಿಸುವ ಹಾಗೆ ಅಂಟಿಲ್ಲದಂತೆ ಬಿಡಿಸುತ್ತಾರೆ. ಯಾರೂ ಬೈಯುವುದಿಲ್ಲ, ಯಾರೂ ಗದರುವುದಿಲ್ಲ. ಎಲ್ಲರೂ ಡಾಕ್ಟ್ರೇ ಎಂದೇ ಕರೆಯುತ್ತಾರೆ. ತಾನು ಡಾಕ್ಟರಲ್ಲ ಎಂದು ಅವನೂ ತಿದ್ದುವುದಿಲ್ಲ. ಹೋದ ತಿಂಗಳು ಒಂದು ಮನೆಯಲ್ಲಿ ಮೊದಲ ದಿನ ಸ್ಟೀಲಿನ ಲೋಟದಲ್ಲಿ ಕಾಫಿ ಬಂದಿತ್ತು. ಎರಡನೇ ಸಲ ಹೋಗುವಷ್ಟರಲ್ಲಿ ಮನೆಯವರು ವಿಚಾರಿಸಿಕೊಂಡಿದ್ದರು. ಕಾಫಿ ಬಂತು, ಸಕ್ಕರೆಯೂ ಒಂದು ಚಮಚ ಹೆಚ್ಚೇ ಇತ್ತು, ಬರೀ ಲೋಟ ಮಾತ್ರ ಪ್ಲಾಸ್ಟಿಕ್ಕಿನದು, ಅವನಿಗೋಸ್ಕರವೇ ಕೊಂಡು ತಂದದ್ದು. ಅವನು ಕುಡಿದ. ಕುಡಿದು ಚೆನ್ನಾಗಿದೆ ಎಂದೂ ಅಂದ. ಆ "ಚೆನ್ನಾಗಿದೆ" ಈಗಲೂ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಯಂತ್ರವಾದರೆ ಯಾರ ಪೈಕಿ ಎಂದು ಕೇಳುವುದಿಲ್ಲ. ಬರುವುದು, ಕೆಲಸ ಮುಗಿಸುವುದು, ಹೋಗುವುದು. ಹೆಲ್ಮೆಟ್ಟನ್ನು ಅವನು ಇಷ್ಟಪಟ್ಟು ಹಾಕಿಕೊಳ್ಳುತ್ತಿದ್ದುದೂ ಹೀಗೆಯೇ; ತಲೆ ಉಳಿಯಲಿ ಎಂದಲ್ಲ, ಮುಖ ಉಳಿಯಲಿ ಎಂದು.

ಅಂಗಡಿಯ ಮೆಟ್ಟಿಲ ಮೇಲೆ ಅಪ್ಪ ಕೂತಿದ್ದ. ಪುಟ್ಟಬಸವಯ್ಯ ಇದೇ ನಂಜನಗೂಡಿನಲ್ಲಿರುವ ಮಗಳ ಮನೆಯಲ್ಲಿ ಒಂದು ವಾರ ಇದ್ದು ಈಗ ಮಗನ ಬೈಕಿನಲ್ಲಿ ವಾಪಸು ಹೊರಟಿದ್ದವನು. ಒಳಗೆ ಬಾ ಎಂದು ಬೆಟ್ಟಸ್ವಾಮಿ ಕರೆದಾಗ "ಇರ್ಲಿ ಬುಡ್ಲಾ, ಇಲ್ಲಿ ಗಾಳಿ ಚೆಂದಾಗಿ ಬತ್ತದೆ," ಎಂದಿದ್ದ. ಗಾಳಿಯೇನೂ ಇರಲಿಲ್ಲ. ಅಂಗಡಿ ಬೀದಿಯ ಧೂಳು, ಬಸ್ಸಿನ ಹೊಗೆ, ಹೋಗಿ ಬರುವವರ ಕಾಲು. ಎಪ್ಪತ್ತರ ಮೇಲಾದ ಮನುಷ್ಯ ಯಾರಿಗೂ ಅಡ್ಡವಾಗದಂತೆ ಮೈಯನ್ನು ಅಷ್ಟಗಲ ಮಾತ್ರ ಮಾಡಿಕೊಂಡು ಕೂತಿರುವುದನ್ನು ಕಂಡು ಬೆಟ್ಟಸ್ವಾಮಿಗೆ ಸಿಟ್ಟು ಬಂತು, ಸಿಟ್ಟು ಬಂದದ್ದಕ್ಕೆ ನಾಚಿಕೆಯೂ ಆಯಿತು. ಅಮೃತೇಶನೇನೋ "ಯಜಮಾನ್ರು ಒಳಗೆ ಬರಬಹುದಿತ್ತು, ಕುರ್ಚಿ ಇದೆ," ಎಂದ. ಅದು ಮನಸ್ಸಿನಿಂದ ಬಂದ ಮಾತೋ ವ್ಯಾಪಾರದ ಮಾತೋ ಎಂದು ತೂಗುತ್ತಾ ನಿಂತ ತನ್ನ ಬುದ್ಧಿಯ ಬಗ್ಗೆಯೇ ಅವನಿಗೆ ಬೇಸರ ಹುಟ್ಟಿತು.

ಅಷ್ಟರಲ್ಲಿ ಫೋನು ಬಂತು. ಕಲ್ಲರೆಹುಂಡಿಯ ರುದ್ರಮ್ಮ. ಹಸು ಬೆಳಗಿನಿಂದ ಅರಚುತ್ತಿದೆ, ಮೇವು ಮುಟ್ಟಿಲ್ಲ, ಹೋದ ಸಲ ನಿಮ್ಮ ಆಸ್ಪತ್ರೆಯವರು ತಡವಾಗಿ ಬಂದು ಬೆದೆ ತಪ್ಪಿಹೋಯಿತು, ಈ ಸಲವೂ ತಪ್ಪಿದರೆ ಮಾರುವುದೇ ಗತಿ ಎಂದಳು. ಗಂಡನಿಲ್ಲದ ಹೆಂಗಸು, ಒಂದೇ ಹಸು. ಸಂಜೆಯೊಳಗೆ ಮುಗಿಸಬೇಕು. ಕ್ಯಾನು ಹೇಗೂ ಬೈಕಿನ ಪಕ್ಕಕ್ಕೆ ನೇತುಹಾಕಿಯೇ ಇತ್ತು. "ಮನೆ ಎಲ್ಲಿ ಬರುತ್ತಮ್ಮ?" ಎಂದ. "ಬಲ್ಲಿ ಡಾಕ್ಟ್ರೇ, ಊರೊಳಗೆ ಯಾರ್ನ ಕೇಳುದ್ರೂ ಏಳ್ತಾರೆ," ಎಂದು ರುದ್ರಮ್ಮ ಫೋನಿಟ್ಟಳು. ಯಾರನ್ನು ಕೇಳಿದರೂ ಹೇಳುತ್ತಾರೆ. ಈ ಸೀಮೆಯಲ್ಲಿ ಅವನನ್ನು ಹೆದರಿಸುವ ಮಾತು ಇದೊಂದೇ.

ಅವನ ಮುಖ ನೋಡಿ ಅಮೃತೇಶನಿಗೆ ಏನನ್ನಿಸಿತೋ, ಕಾರಿನದನ್ನೂ ಚಿಕ್ಕದನ್ನೂ ಮುಂದೆ ತಳ್ಳಿದ. "ಎರಡನ್ನೂ ತಗೊಂಡೋಗಿ ಸಾರ್. ಓಡಿಸಿ ನೋಡಿ. ಯಾವುದು ಬೇಕು ಅಂತ ಸಂಜೆ ಫೋನ್ ಮಾಡಿ, ಬೇಡದ್ದನ್ನ ಸೋಮವಾರ ತಂದುಕೊಡಿ."

"ನಂಬಿ ಕೊಡ್ತೀರಾ?"

"ನೀವು ಎಲ್ಲಿಗೆ ಓಡಿಹೋಗ್ತೀರಿ? ನಿಮಗೆ ದಾರಿನೇ ಗೊತ್ತಿಲ್ವಲ್ಲ," ಎಂದು ಅಮೃತೇಶ ನಕ್ಕ. ಬೆಟ್ಟಸ್ವಾಮಿಗೂ ನಗು ಬಂತು. ಬಹಳ ದಿನದ ಮೇಲೆ ಯಾರೋ ತನ್ನನ್ನು ಬರೀ ದಾರಿ ತಿಳಿಯದ ಮನುಷ್ಯನೆಂದು ಗೇಲಿ ಮಾಡಿದ್ದರು, ಅದು ಹಿತವಾಗಿತ್ತು.

ಕಾರಿನ ಯಂತ್ರಕ್ಕೆ ಊರಿನ ಹೆಸರು ಕೊಟ್ಟು ಹ್ಯಾಂಡಲ್ಲಿಗೆ ರಬ್ಬರಿನ ಪಟ್ಟಿಯಿಂದ ಬಿಗಿದು, ಚಿಕ್ಕದನ್ನು ಚಾಲೂ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡು, ಅಪ್ಪನನ್ನು ಹಿಂದೆ ಕೂರಿಸಿಕೊಂಡು ಹೊರಟಾಗ ಬಿಸಿಲು ಮೋಡದ ಸಂದಿಯಿಂದ ಬಂದು ಹೋಗುತ್ತಿತ್ತು. ಕಪಿಲೆಯ ಸೇತುವೆ ಹಿಂದಾಯಿತು. ನಾಟಿ ಮುಗಿದ ಗದ್ದೆಗಳು ಎರಡೂ ಕಡೆ ಹಸುರು. ಯಂತ್ರದ ಒಳಗಿದ್ದ ಹೆಂಗಸು ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದಳು. ಹೆಲ್ಮೆಟ್ಟಿನೊಳಗೆ ಅದು ಪಕ್ಕದ ಮನೆಯ ಜಗಳದಂತೆ ಗೊಣಗೊಣ ಕೇಳುತ್ತಿತ್ತೇ ಹೊರತು ಒಂದು ಮಾತೂ ಸ್ಪಷ್ಟವಿಲ್ಲ. ಬಿಸಿಲು ಬಿದ್ದಾಗ ಸ್ಕ್ರೀನಿನ ಮೇಲೆ ಕಾಣುವುದು ಅವನದೇ ಮುಖ. ಆದರೂ ಬಾಣದ ಗುರುತು ನೀಲಿಯ ರಸ್ತೆಯ ಮೇಲೆ ಜರುಗುತ್ತಿರುವುದನ್ನು ಕಂಡು ಅವನಿಗೆ ಖುಷಿಯಾಯಿತು. ಆ ನಕ್ಷೆಯಲ್ಲಿ ಮೇಲಿನ ಬೀದಿಯಿಲ್ಲ, ಕೆಳಗಿನ ಕೇರಿಯಿಲ್ಲ. ತಾನೊಂದು ಬಾಣ, ಅಷ್ಟೆ. ಹೀಗೇ ಬಾಣವಾಗಿಯೇ ರಿಟೈರ್ ಆಗಿಬಿಟ್ಟರೆ ಎಷ್ಟು ನೆಮ್ಮದಿ ಅಂದುಕೊಂಡ.

ಮುಖ್ಯರಸ್ತೆ ಬಿಟ್ಟು ನಾಲೆಯ ಏರಿ ಹಿಡಿದಮೇಲೆ ನೀಲಿಯ ರಸ್ತೆ ಮುಗಿದುಹೋಯಿತು. ಬಾಣ ಬರೀ ಬಿಳಿಯ ಬಯಲಿನಲ್ಲಿ ನಿಂತಿತು. ಇನ್ನಷ್ಟು ದೂರ ಹೋದಮೇಲೆ ಯಂತ್ರ ತಾನಾಗಿಯೇ ಸಂತೋಷದಿಂದ ಊರು ಬಂತೆಂದು ಹೇಳಿ ಸುಮ್ಮನಾಯಿತು. ಎದುರಿಗೆ ನೀರು ತುಂಬಿದ ಗದ್ದೆ, ಗದ್ದೆಯ ನಡುವೆ ಒಂದು ಬೆಳ್ಳಕ್ಕಿ. ಊರು ಕಣ್ಣಿಗೆ ಬೀಳುವಷ್ಟು ದೂರದಲ್ಲೂ ಇರಲಿಲ್ಲ. ಹನಿ ಶುರುವಾಯಿತು. ಅವನು ಗಡಬಡಿಸಿ ಯಂತ್ರವನ್ನು ಬಿಚ್ಚಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಸೀಟಿನ ಕೆಳಗಿನ ಚೀಲಕ್ಕೆ ತುರುಕಿದ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ತನ್ನನ್ನು ತಾನೇ ಬೈದುಕೊಂಡ. ಇನ್ನು ಹಿಂದಕ್ಕೆ ಹೋಗಿ ಯಾರನ್ನಾದರೂ ಕೇಳಬೇಕು. ಹೊತ್ತು ಇಳಿಯುತ್ತಿತ್ತು.

"ಕಲ್ಲರೆವುಂಡಿ ತಾನೆ?" ಎಂದ ಅಪ್ಪ ಹಿಂದಿನಿಂದ. ಇಷ್ಟು ಹೊತ್ತೂ ಅವನು ಮಾತಾಡಿರಲಿಲ್ಲ. "ಮೊದ್ಲೇ ಏಳಿದ್ರೆ ನಾನು ತೋರುಸ್ತಿರ್ನಿಲ್ವಾ? ತಿರುಗ್ಸು. ಆ ತೂಬಿನ ತಾವ ಎಡಕ್ಕೆ ಇಳಿ."

ಅಪ್ಪನಿಗೆ ಗೊತ್ತಿರುತ್ತದೆಂದು ಅವನಿಗೂ ಗೊತ್ತಿತ್ತು, ಗೊತ್ತಿದ್ದೇ ಕೇಳಿರಲಿಲ್ಲ. ವಯಸ್ಸಿನಲ್ಲಿ ಪುಟ್ಟಬಸವಯ್ಯ ಮಾಡುತ್ತಿದ್ದ ಕೆಲಸವೇ ಅದು. ಊರಿನ ದೊಡ್ಡ ಮನೆಗಳಲ್ಲಿ ಸಾವಾದರೆ, ಹೆಣ ಎತ್ತುವ ಮೊದಲು ನೆಂಟರಿಷ್ಟರಿಗೆ ಸುದ್ದಿ ಮುಟ್ಟಿಸಲು ಅವನನ್ನು ಅಟ್ಟುತ್ತಿದ್ದರು. ಇತ್ತ ತಾಂಡವಪುರ, ಅತ್ತ ತಗಡೂರು, ಬದನವಾಳು, ಹೊಳೆ ದಾಟಿದರೆ ಮೂಡಲ ಸೀಮೆಯ ಹುಂಡಿ ಎಂಬ ಸಣ್ಣ ಹಳ್ಳಿಗಳೆಲ್ಲ. ಅಲ್ಲಿ ಹೋಗಿ ನಿಂತು ಇಂಥವರು ತೀರಿಕೊಂಡರು ಎಂದು ಕೂಗಿ, ಟವೆಲ್ಲಿನ ಸೆರಗಿಗೆ ಹಾಕಿದ ರಾಗಿ ಹಿಡಿದು ಮುಂದಿನ ಊರಿಗೆ ನಡೆಯಬೇಕು. ಅಪ್ಪ ಈಗಲೂ ಊರುಗಳನ್ನು ಸತ್ತವರಿಂದಲೇ ಗುರುತು ಹಿಡಿಯುತ್ತಾನೆ. ಇದು ಪಟೇಲರ ತಾಯಿ ಸತ್ತಾಗ ಬಂದ ಊರು, ಅದು ಬಾವಿಗೆ ಬಿದ್ದ ಸೊಸೆಯ ತವರು. ಕಾಲೇಜಿನಲ್ಲಿದ್ದಾಗ ಬೆಟ್ಟಸ್ವಾಮಿ ಇದನ್ನು ಯಾರಿಗೂ ಹೇಳಲಿಲ್ಲ, ಮದುವೆಯಾದ ಮೇಲೆ ಯಶೋಧರಾಳಿಗೂ ಅರ್ಧವೇ ಹೇಳಿದ. ವರ್ಗವಾಗಿ ಬಂದ ಹೊಸದರಲ್ಲಿ ಅಪ್ಪ ತಾನಾಗಿ "ನನ್ನ ಕೂರುಸ್ಕಂಡು ಓಗ್ಲಾ, ದಾರಿ ನಾನೇಳ್ತೀನಿ," ಎಂದಿದ್ದ. ಅಪ್ಪನನ್ನು ಹಿಂದೆ ಕೂರಿಸಿಕೊಂಡು ಹೋಗುವುದೆಂದರೆ ಯಾರ ಪೈಕಿ ಎಂಬ ಪ್ರಶ್ನೆಗೆ ಉತ್ತರವನ್ನು ಬೆನ್ನಿಗೆ ಕಟ್ಟಿಕೊಂಡು ಹೋದಂತೆ. ಅದು ಆಗದು ಎಂದು ಅಪ್ಪನಿಂದ ಬಾಯಿಮಾತಿನಲ್ಲಿ ದಾರಿ ಕೇಳಿಕೊಂಡು ಒಂದು ಊರಿಗೆ ಒಬ್ಬನೇ ಹೋಗಿದ್ದ. ಅಪ್ಪ ಹೇಳಿದ ಹುಣಸೇಮರ, ಅಪ್ಪ ಹೇಳಿದ ಹಳ್ಳ, ಎಲ್ಲವೂ ಸರಿಯಾಗಿ ಸಿಕ್ಕಿ ಕೊನೆಗೆ ಬೈಕು ಹೋಗಿ ನಿಂತದ್ದು ಆ ಊರಿನ ಹಿಂದಿನ ತಿಪ್ಪೆಗುಂಡಿಗಳ ನಡುವೆ. ಮುದುಕನಿಗೆ ಅರಳುಮರಳು ಎಂದು ಅವತ್ತು ತೀರ್ಮಾನ ಮಾಡಿಬಿಟ್ಟಿದ್ದ.

ಈಗ ಬೇರೆ ಗತಿಯಿರಲಿಲ್ಲ. ತೂಬಿನ ಹತ್ತಿರ ಎಡಕ್ಕೆ ಇಳಿದ. ಅಪ್ಪ ಹೆಗಲ ಮೇಲೆ ಬೆರಳಿನಿಂದ ತಟ್ಟಿ ತಟ್ಟಿ ದಾರಿ ಹೇಳುತ್ತಿದ್ದ, ಬಲಕ್ಕೆ ಬಲಗಡೆಯ ಹೆಗಲು, ಎಡಕ್ಕೆ ಎಡಗಡೆಯದು. ಇಂಗ್ಲಿಷಿನ ಹೆಂಗಸಿಗಿಂತ ಇದು ಎಷ್ಟೋ ವಾಸಿ ಎಂದು ಬೆಟ್ಟಸ್ವಾಮಿ ಒಪ್ಪಿಕೊಳ್ಳಬೇಕಾಯಿತು. ನಡುವೆ ಇನ್ನೊಂದು ಹಳ್ಳಿ ಸಿಕ್ಕಿತು, ಅದರ ಮಗ್ಗುಲಿನ ಗಾಡಿದಾರಿಯಲ್ಲಿ ಕುಲುಕಾಡಿಕೊಂಡು ಮುಂದೆ ಹೋದರು. ಕೊನೆಗೆ ಕಳ್ಳಿಬೇಲಿಯ ಓಣಿಯೊಂದನ್ನು ಹೊಕ್ಕು, ಸುತ್ತಿ, ಇನ್ನೊಂದು ತಿರುವು ತಿರುಗಿದಾಗ ಮುಂದಿನ ಗಾಲಿ ಕೆಸರಿನಲ್ಲಿ ಹೂತು ಬೈಕು ನಿಂತಿತು. ಸುತ್ತಲೂ ತಿಪ್ಪೆ. ಕೊಳೆತ ಹುಲ್ಲು, ಸಗಣಿ, ಒಡೆದ ಮಡಕೆ, ನಾಯಿ. ಅದರಾಚೆ ಮನೆಗಳ ಹಿಂಭಾಗದ ಮೋಟುಗೋಡೆಗಳು.

"ಬಂತು ಕಣ್ಲಾ," ಎಂದ ಅಪ್ಪ ನೆಮ್ಮದಿಯಿಂದ. "ಇಲ್ಲಿ ನಿಂತ್ಕಂಡು ಕೂಗುದ್ರೆ ಊರಿಗೆಲ್ಲ ಕೇಳುಸ್ತದೆ."

ಬೆಟ್ಟಸ್ವಾಮಿಗೆ ಅಳು ಬರುವಷ್ಟು ಸಿಟ್ಟು ಬಂತು. ಗಾಲಿ ಎಳೆಯುವ ಮೊದಲು ಜೇಬಿನಲ್ಲಿದ್ದ ಚಿಕ್ಕ ಯಂತ್ರ ಒದ್ದೆಯಾಯಿತೇನೋ ಎಂದು ತೆಗೆದು ನೋಡಿದ. ಅದಕ್ಕೇನೂ ಆಗಿರಲಿಲ್ಲ. ತನ್ನಷ್ಟಕ್ಕೆ ತಾನು ಬಂದ ದಾರಿಯ ಗೆರೆ ಎಳೆದುಕೊಂಡು ಕೂತಿತ್ತು. ನಂಜನಗೂಡಿನಿಂದ ನಾಲೆಯವರೆಗೆ ಗೆರೆ ಸರಾಗವಾಗಿತ್ತು. ಆಮೇಲೆ ಆ ನಡುವಿನ ಹಳ್ಳಿಯ ಹತ್ತಿರ ಬಂದು, ಊರಿಗೆ ಮುಟ್ಟುವ ಮುಂಚೆಯೇ ಬಾಗಿ, ಬಳಸಿ, ಆಚೆಗೆ ಹೋಗಿ ಮತ್ತೆ ನೇರವಾಗಿತ್ತು. ಕಲ್ಲರೆಹುಂಡಿಯ ಹತ್ತಿರ ಮತ್ತೆ ಅದೇ ಬಾಗು. ಗಾಣದ ಎತ್ತು ತಿರುಗಿದಂತೆ ಊರಿನ ಸುತ್ತ ಮುಕ್ಕಾಲು ಪಾಲು ತಿರುಗಿ ಇಲ್ಲಿ, ಈ ತಿಪ್ಪೆಯಲ್ಲಿ, ನಿಂತಿತ್ತು. ಗೆರೆಯ ಬಳಸಿನ ಒಳಗೆ ಏನೂ ಇರಲಿಲ್ಲ. ಖಾಲಿ. ಅವನು ಬಹಳ ಹೊತ್ತು ಆ ಖಾಲಿಯನ್ನು ನೋಡಿದ. ಹೋದ ಸಲದ ತಿಪ್ಪೆಗುಂಡಿ ನೆನಪಾಯಿತು.

"ಅಪ್ಪಾ, ಈ ಊರೊಳಗಿಂದ ದಾರಿ ಇಲ್ವಾ?"

"ಇಲ್ದೆ ಏನು? ಊರಂದ್ಮೇಲೆ ಬೀದಿ ಇರಲ್ವಾ."

"ಮತ್ತೆ ಅದನ್ನ ಯಾಕೆ ಹೇಳ್ಲಿಲ್ಲ?"

ಪುಟ್ಟಬಸವಯ್ಯ ದಡ್ಡನನ್ನು ನೋಡುವಂತೆ ಮಗನನ್ನು ನೋಡಿದ. "ನೀನು ದಾರಿ ಕೇಳ್ದೆ. ನಂಗೆ ಗೊತ್ತಿರೋ ದಾರಿ ಏಳ್ದೆ. ಬೀದೀಲಿ ನಾನೆಲ್ಲಿ ಓಗಿದ್ದೀನ್ಲಾ?"

ಇದನ್ನು ದೂರಿನ ದನಿಯಲ್ಲಿ ಹೇಳಿದ್ದರೆ ಬೆಟ್ಟಸ್ವಾಮಿ ತಡೆದುಕೊಳ್ಳುತ್ತಿದ್ದ. ಅಪ್ಪ ಅದನ್ನು ಇಂದು ಶನಿವಾರ ಎಂದಷ್ಟೇ ಸಲೀಸಾಗಿ ಹೇಳಿದ್ದ. ಇಷ್ಟು ಸೀಮೆ ಸುತ್ತಿದ ಮನುಷ್ಯ ಒಂದೇ ಒಂದು ಊರಿನ ಒಳಗನ್ನೂ ಕಂಡಿಲ್ಲ. ಅರಳುಮರಳು ಅಂದುಕೊಂಡದ್ದನ್ನು ನೆನೆದು ಬೆಟ್ಟಸ್ವಾಮಿಯ ಕಿವಿ ಬಿಸಿಯಾಯಿತು. ಇಲ್ಲಿಂದಲೇ ಹಿತ್ತಲ ಗೋಡೆಗೆ ಹೋಗಿ ರುದ್ರಮ್ಮಾ ಎಂದು ಕೂಗಿದರೆ ಆಯಿತು. ಯಾರೂ ಏನೂ ಕೇಳುವುದಿಲ್ಲ, ಕೆಲಸವೂ ಆಗುತ್ತದೆ. ಅವನಿಗೆ ಬೇಕಾಗಿದ್ದದ್ದೂ ಅದೇ ಅಲ್ಲವೇ? ಯಾರ ಕಣ್ಣಿಗೂ ಬೀಳದೆ ಬರುವುದು, ಹೋಗುವುದು. ಅಪ್ಪ ಇದನ್ನು ಯಂತ್ರವಿಲ್ಲದೆಯೇ ಜೀವಮಾನವಿಡೀ ಮಾಡಿದ್ದ. ತಾನು ಅದಕ್ಕಾಗಿ ಅಂಗಡಿಗೆ ಹೋಗಿ ಮೂರು ನಮೂನೆ ನೋಡಿ ದುಡ್ಡು ಸುರಿಯಲು ಹೊರಟಿದ್ದ, ಅಷ್ಟೇ ವ್ಯತ್ಯಾಸ. ಈ ಯೋಚನೆ ಬಂದಮೇಲೆ ಅಲ್ಲಿ ನಿಲ್ಲುವುದು ಅವನಿಂದ ಆಗಲಿಲ್ಲ. ಇಬ್ಬರೂ ಸೇರಿ ಗಾಲಿ ಎಳೆದರು. "ಹತ್ತು ಅಪ್ಪ," ಎಂದ. ಬಂದ ಓಣಿಯಲ್ಲೇ ವಾಪಸು ಸುತ್ತಿ, ಟಾರು ರಸ್ತೆ ಊರನ್ನು ಹೊಗುವ ಬಾಯಿಗೆ ಬಂದು, ಬೈಕನ್ನು ನೇರ ಬೀದಿಗೆ ತಿರುಗಿಸಿದ.

"ಇಲ್ಲಿ ಬ್ಯಾಡ ಕಣ್ಲಾ," ಎಂದಿತು ಬೆನ್ನ ಹಿಂದಿನ ದನಿ. ಅವನು ನಿಲ್ಲಿಸಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಅಪ್ಪ ಹೆಗಲ ಮೇಲಿನ ಟವೆಲ್ಲನ್ನು ಕಂಕುಳಿಗೆ ಇಳಿಸಿದ್ದ. ಒಂದು ಕೈ ಬೈಕಿನ ಹಿಡಿಯ ಮೇಲೆ, ಇನ್ನೊಂದು ಕೈಯಲ್ಲಿ ಎರಡೂ ಚಪ್ಪಲಿಗಳು. ಓಡುವ ಬೈಕಿನ ಮೇಲೆ ಕೂತು ಚಪ್ಪಲಿ ಕಳಚಿಕೊಂಡಿದ್ದ. ಬೆಟ್ಟಸ್ವಾಮಿ ನಡುಬೀದಿಯಲ್ಲಿ ಗಕ್ಕನೆ ಬ್ರೇಕು ಹಾಕಿದ. ಹೆಲ್ಮೆಟ್ಟು ತೆಗೆದು ಹ್ಯಾಂಡಲ್ಲಿಗೆ ಸಿಕ್ಕಿಸಿ, "ಕಾಲಿಗೆ ಹಾಕ್ಕೊ ಅಪ್ಪ," ಎಂದ.

"ಇರ್ಲಿ ಬುಡು."

"ಹಾಕ್ಕೊ. ನೀನು ಹಾಕ್ಕೊಳ್ಳೋ ಗಂಟ ನಾನು ಹೊರಡಲ್ಲ."

ಪಕ್ಕದ ಜಗಲಿಯ ಮೇಲೆ ಅಡಿಕೆ ಕತ್ತರಿಸುತ್ತಿದ್ದ ಮುದುಕನೊಬ್ಬ ತಲೆಯೆತ್ತಿದ. ಹಣೆಯ ಮೇಲೆ ಮೂರು ಗೆರೆ ವಿಭೂತಿ. ಆಮೇಲೆ ತಿಳಿಯಿತು, ಅವನ ಹೆಸರು ಮಲ್ಲಯ್ಯ. ಅವನು ಬೆಟ್ಟಸ್ವಾಮಿಯನ್ನು ನೋಡಲೇ ಇಲ್ಲ. ಬೈಕಿನಿಂದ ಇಳಿದು ಚಪ್ಪಲಿಯೊಳಗೆ ಕಾಲು ಹುಡುಕುತ್ತಿದ್ದ ಪುಟ್ಟಬಸವಯ್ಯನನ್ನು ನೋಡಿ ಅವನ 'ಯಾರ ಮನೆಗೆ' ಬಾಯಲ್ಲೇ ಉಳಿಯಿತು. ಕೈಯಲ್ಲಿದ್ದ ಅಡಕತ್ತರಿ ಕೆಳಗಿಟ್ಟು ಎದ್ದು ನಿಂತ. ಮುಖದ ಬಣ್ಣ ಇಳಿದಿತ್ತು.

"ಪುಟ್ಟಬಸ್ವ ಅಲ್ವೇನ್ಲಾ ನೀನು? ಬೀದಿಗಂಟ ಬಂದಿದ್ದೀಯೆ. ಯಾರ್ಲಾ... ಯಾರು ಓದ್ರು?"

ಫೋನು ಬಂದಮೇಲೆ ಸಾವಿಗೆ ಕಾಲು ಬೇಕಿಲ್ಲವೆಂದು ಎಲ್ಲರಿಗೂ ಗೊತ್ತು. ಆದರೂ ಆ ಮುಖ ಕಂಡರೆ ಎದೆ ಝಲ್ಲೆನ್ನುವ ಅಭ್ಯಾಸ ಆ ಮುದುಕನಿಗೆ ಹೋಗಿರಲಿಲ್ಲ. ಬಾಗಿಲುಗಳಿಂದ ಇಬ್ಬರು ಮೂವರು ಹೆಂಗಸರು ಇಣುಕಿದರು, ಯಾರೋ ಟೀವಿಯ ಸದ್ದು ಕಡಿಮೆ ಮಾಡಿದರು. ಇಡೀ ಬೀದಿ ಅಪ್ಪನ ಬಾಯಿ ನೋಡುತ್ತಿತ್ತು.

ಪುಟ್ಟಬಸವಯ್ಯ ಒಂದು ಚಪ್ಪಲಿ ಮೆಟ್ಟಿ ಇನ್ನೊಂದರಲ್ಲಿ ಹೆಬ್ಬೆರಳು ತೂರಿಸುತ್ತಾ, ಕೂಗಿ ರೂಢಿಯಾದ ಅದೇ ದೊಡ್ಡ ದನಿಯಲ್ಲಿ ಹೇಳಿದ: "ಯಾರೂ ಓಗಿಲ್ಲ ಬುದ್ದಿ. ರುದ್ರಮ್ಮಾರ ಅಸ ಬೆದೆಗೆ ಬಂದದಂತೆ. ಇವ್ನು ನನ್ನ ಮಗ, ದನಿನ ಆಸ್ಪತ್ರೆಯೋನು. ಗಬ್ಬ ಕಟ್ಸಕ್ಕೆ ಬಂದವ್ನೆ. ದೇವ್ರು ಕಣ್ಬುಟ್ರೆ ಬರೋ ವರ್ಸ ಕರ ಆಯ್ತದೆ."

ಮಲ್ಲಯ್ಯ ಉಸಿರು ಬಿಟ್ಟು ನಕ್ಕ, ಹೆಂಗಸರೂ ನಕ್ಕರು. ಬೆಟ್ಟಸ್ವಾಮಿ ನಾಚಿಕೆ ಬರಲೆಂದು ಕಾದ. ತಾನು ಇಷ್ಟು ತಿಂಗಳು ಬಚ್ಚಿಟ್ಟುಕೊಂಡು ತಿರುಗಿದ್ದನ್ನು ಅಪ್ಪ ಒಂದೇ ಉಸಿರಿನಲ್ಲಿ ಊರಿಗೆಲ್ಲ ಸಾರಿಬಿಟ್ಟಿದ್ದ. ನಾಚಿಕೆ ಬರಲಿಲ್ಲ. ಬದಲಿಗೆ ಜ್ವರ ಬಿಟ್ಟವನಂತೆ ಮೈ ಹಗುರಾಯಿತು. ಯಾವ ಊರು, ಯಾವ ಬೀದಿ, ಯಾರ ಪೈಕಿ, ಎಲ್ಲ ಮುಗಿದಿತ್ತು. ಅವನನ್ನು ಕೇಳುವುದಕ್ಕೆ ಯಾರ ಹತ್ತಿರವೂ ಇನ್ನೇನೂ ಉಳಿದಿರಲಿಲ್ಲ. "ರುದ್ರಮ್ಮನ ಮನೆ ಯಾವುದು ಸ್ವಾಮಿ?" ಎಂದು ಅವನೇ ಕೇಳಿದ. ಕೇಳಿದಮೇಲೆ, ಎಷ್ಟು ಸಣ್ಣ ಮಾತಿದು ಅನ್ನಿಸಿತು.

"ಅಗೋ, ಆ ನೀಲಿ ಬಾಗ್ಲು," ಎಂದ ಮಲ್ಲಯ್ಯ.

ಲೋಕ ಅಷ್ಟಕ್ಕೇ ಬದಲಾಗಿಬಿಡುತ್ತದೆಯೇ? ನೀಲಿ ಬಾಗಿಲಲ್ಲಿ ನಿಂತಿದ್ದ ರುದ್ರಮ್ಮನಿಗೂ ಬೀದಿಯ ಮಾತು ಕೇಳಿಸಿತ್ತು. ಹಸು ಒಳಗೆ, ಪಡಸಾಲೆಯ ಮಗ್ಗುಲ ಕೊಟ್ಟಿಗೆಯಲ್ಲಿ ಅರಚುತ್ತಿತ್ತು. ಅವಳು ಹೊಸಿಲಿನ ಮೇಲೆ ಕೈ ಅಡ್ಡಹಿಡಿದವಳಂತೆ ನಿಂತು, ಅತ್ತ ದರಿ ಇತ್ತ ಪುಲಿ ಎನ್ನುವಂತೆ ಕಣ್ಣು ತಪ್ಪಿಸಿ, ಮನೆಯ ಹಿಂಭಾಗದ ಕಡೆ ತೋರಿಸಿ, "ಇತ್ಲಿಂದ ಬಂದ್ಬುಡಿ ಡಾಕ್ಟ್ರೇ, ಅಲ್ಲೂ ಬಾಗ್ಲದೆ," ಎಂದಳು. ಕೆಟ್ಟ ಹೆಂಗಸಲ್ಲ ಎಂದು ಅವಳ ಮುಖ ಹೇಳುತ್ತಿತ್ತು. ಅತ್ತೆ ಸತ್ತರೂ ಅತ್ತೆ ಹಾಕಿದ ಗೆರೆ ಸಾಯದ ಮನೆ. ತಿಪ್ಪೆಯ ಕೆಸರು ಅವನ ಬೂಟಿಗೆ ಇನ್ನೂ ಅಂಟಿಕೊಂಡಿತ್ತು.

"ಹಿತ್ಲಿಗೆ ಬರಲ್ಲಮ್ಮ," ಎಂದ ಬೆಟ್ಟಸ್ವಾಮಿ. "ನಾನು ಡಾಕ್ಟ್ರೂ ಅಲ್ಲ, ಪರಿವೀಕ್ಷಕ. ಹಸುನ ಇಲ್ಲಿಗೆ ಹಿಡ್ಕೊಂಡು ಬನ್ನಿ. ಬೀದೀಲೇ ಮಾಡ್ತೀನಿ."

ಹಸು ಇನ್ನೊಂದು ಸಲ ಅರಚಿತು. ರುದ್ರಮ್ಮ ಒಳಗೆ ಹೋಗಿ ಹಗ್ಗ ಬಿಚ್ಚಿ ಅದನ್ನು ಮುಂಬಾಗಿಲಿನಿಂದಲೇ ಹೊರಗೆ ತಂದಳು. ಬೀದಿಯ ಲೈಟುಕಂಬಕ್ಕೆ ಕಟ್ಟಿದರು. ಹಸು ಪಕ್ಕಕ್ಕೆ ಜಿಗಿಯತೊಡಗಿತು, ಒಬ್ಬರ ಕೈಗೆ ನಿಲ್ಲುವಂತಿರಲಿಲ್ಲ. ಪುಟ್ಟಬಸವಯ್ಯ ಮುಂದೆ ಹೋಗಿ ಮೂಗುದಾರ ಹಿಡಿದ. ಸಾಲದೆ ಬಂತು. ಮಲ್ಲಯ್ಯ ಪಂಚೆ ಮೇಲೆ ಕಟ್ಟಿ, "ನಿನ್ ಕೈಲಾಗಲ್ಲ ಬಿಡ್ಲಾ, ಮುದ್ಕ ಆಗಿದ್ದೀಯ," ಎನ್ನುತ್ತಾ ಜಗಲಿಯಿಂದ ಇಳಿದು ಬಂದು ಇನ್ನೊಂದು ಕಡೆಯಿಂದ ಕೊಂಬು ಹಿಡಿದ. "ನೀವೇನು ಎಳೇ ಉಡ್ಗನಾ ಬುದ್ದಿ?" ಎಂದ ಅಪ್ಪ. ಒಂದೇ ಹಗ್ಗಕ್ಕೆ ನಾಲ್ಕು ಕೈ. ಬೆಟ್ಟಸ್ವಾಮಿ ಕ್ಯಾನು ತೆರೆದಾಗ ತಣ್ಣನೆಯ ಹೊಗೆ ಬೀದಿಯ ಮೇಲೆ ಇಳಿಯಿತು, ಹೆಂಗಸರು ಸೆರಗು ಬಾಯಿಗಿಟ್ಟು ನೋಡಿದರು. ವೀರ್ಯದ ಕಡ್ಡಿಯನ್ನು ಉಗುರುಬೆಚ್ಚನೆಯ ನೀರಿಗೆ ಹಾಕಿದ, ಗ್ಲೌಸು ತೊಟ್ಟ, ಕೆಲಸ ಮುಗಿಸಿದ. ಕೈ ಎಂದೂ ಇಷ್ಟು ಹತೋಟಿಯಲ್ಲಿ ಇದ್ದದ್ದು ಅವನಿಗೆ ನೆನಪಿಲ್ಲ. "ಹೊತ್ತು ಸರಿಯಾಗಿದೆ, ಕಟ್ಟುತ್ತೆ," ಎಂದ. ರುದ್ರಮ್ಮ ಚೊಂಬಿನಿಂದ ಅವನ ಕೈಗೆ ನೀರು ಹುಯ್ದಳು, ಸೋಪು ಕೊಟ್ಟಳು. ಚೊಂಬನ್ನು ಮೇಲಿನಿಂದ ಎತ್ತಿಯೇ ಹುಯ್ದಳು. ಆದರೂ ಬೀದಿಯಲ್ಲಿ, ಎಲ್ಲರ ಎದುರಿಗೆ ಹುಯ್ದಳು. ಇವತ್ತಿಗೆ ಇಷ್ಟು.

ಅವನು ಚಿಕ್ಕ ಯಂತ್ರವನ್ನು ತೆಗೆದು, ನೀಲಿ ಬಾಗಿಲ ಮುಂದೆ ನಿಂತು ಗುಂಡಿ ಒತ್ತಿದ. ಹೆಸರು ಕೇಳಿತು. ಒಂದೊಂದೇ ಅಕ್ಷರ ಹುಡುಕಿ ರುದ್ರಮ್ಮ ಎಂದು ಬರೆದ. ಆಮೇಲೆ ಅಮೃತೇಶನಿಗೆ ಫೋನು ಮಾಡಿ, "ಚಿಕ್ಕದನ್ನ ಇಟ್ಕೊಳ್ತೀನಿ. ಕಾರಿಂದು ಸೋಮವಾರ ತಂದುಕೊಡ್ತೀನಿ," ಎಂದ.

"ಮೊದಲನೇ ಸಲ ಕೇಳ್ಬೇಕಾಗ್ತದೆ ಸಾರ್, ಯೋಚನೆ ಮಾಡಿ," ಎಂದ ಅಮೃತೇಶ.

"ಕೇಳ್ತೀನಿ," ಎಂದ ಬೆಟ್ಟಸ್ವಾಮಿ.

ಬೈಕು ಸ್ಟಾರ್ಟು ಮಾಡಿದ. ಅಪ್ಪ ಹತ್ತಿ ಕೂತ. ಬಂದ ಕಡೆಯಿಂದಲೇ ಹೊರಟರೆ ಬೀದಿಯ ಬಾಯಿ ಹತ್ತಿರ, ಹತ್ತು ಮನೆ ದಾಟಿದರೆ ಟಾರು ರಸ್ತೆ. ಮುಂದೆ ಹೋದರೆ ಬೀದಿ ಇನ್ನೂ ಉದ್ದಕ್ಕಿತ್ತು. ಜಗಲಿಗಳು, ಒಂದು ಮಠ, ಕಲ್ಲಿನ ಬಾವಿ, ಅದರಾಚೆ ತಿರುವಿನಲ್ಲಿ ಏನಿದೆಯೋ ಕಾಣುತ್ತಿರಲಿಲ್ಲ. ಅಪ್ಪನಿಗೆ ಇಷ್ಟೇ ಸಾಕಾಗಿರಬಹುದು ಎಂದುಕೊಂಡು ಅವನು ಬೈಕನ್ನು ಹಿಂದಕ್ಕೆ ತಿರುಗಿಸಹೋದ. ಹಿಂದಿನಿಂದ ಬೆರಳು ತಟ್ಟಿತು. ಎಡ ಹೆಗಲಿಗಲ್ಲ, ಬಲ ಹೆಗಲಿಗಲ್ಲ, ನಡುಬೆನ್ನಿಗೆ.

"ಮುಂದುಕ್ಕೋಗು," ಎಂದ ಪುಟ್ಟಬಸವಯ್ಯ. ಬೈಕು ಹೊರಟ ಮೇಲೆ ಇನ್ನೊಂದು ಸಲ ತಟ್ಟಿದ.

"ಮೆಲ್ಲಗೆ ಓಗ್ಲಾ."